ಗುಂಡಿಯಷ್ಟು ಜಾಗ

ಆಪರೇಷನ್ ಮೇಜಿನ ಮೇಲೆ ಈರಣ್ಣ ಮಡಿವಾಳರ ಎಚ್ಚರವಾಗಿಯೇ ಮಲಗಿದ್ದ. ಅವನ ಬಲಗೈ ಮಣಿಕಟ್ಟಿನಿಂದ ಒಳಗೆ ಹೋದ ಶಾವಿಗೆಯಷ್ಟು ತೆಳ್ಳಗಿನ ಕೊಳವೆ ತೋಳು ದಾಟಿ, ಭುಜ ದಾಟಿ, ಹೃದಯದ ಬಾಯಿಯ ತನಕ ತಲುಪಿತ್ತು. ಅದು ಅವನಿಗೆ ಗೊತ್ತಾಗಿರಲಿಲ್ಲ. ಎದುರಿನ ಪರದೆಯ ಮೇಲೆ ಅವನ ಮಹಾಪಧಮನಿ ಕಾಣುತ್ತಿತ್ತು. ಅದರ ಎಡಮಗ್ಗುಲಲ್ಲಿ ಬಾರೆಹಣ್ಣಿನಷ್ಟು ದೊಡ್ಡ ಉಬ್ಬು. ಹೃದಯ ಬಡಿದಾಗಲೆಲ್ಲ ಅದು ಇನ್ನಷ್ಟು ಹಿಗ್ಗಿ, ಮತ್ತೆ ಕುಗ್ಗುತ್ತಿತ್ತು.

"ಈಗ ಎದಿಯೊಳಗ ಸ್ವಲ್ಪ ತಣ್ಣಗ ಅನಸ್ತದ್ರಿ, ಅಂಜಬ್ಯಾಡ್ರಿ," ಎಂದಳು ಡಾ. ಸುನೇತ್ರಾ ಹಂಚಿನಮನಿ.

ಕೊಳವೆಯ ತುದಿಯಲ್ಲಿ ಪುಟ್ಟ ಬಲೂನೊಂದು ಅರಳಿತು. ಅದರ ನಡುವೆ ತೂತಿತ್ತು, ರಕ್ತ ಆ ತೂತಿನಿಂದ ಹರಿಯುತ್ತಲೇ ಇದ್ದುದರಿಂದ ಹೃದಯ ಉಪವಾಸ ಬೀಳಲಿಲ್ಲ. ಬಲೂನಿನ ಹೊರಮೈಯಿಂದ ತಣ್ಣಗಿನ ದ್ರವವೊಂದು ಜಿನುಗಿ ಉಬ್ಬಿದ ಗೋಡೆಯೊಳಕ್ಕೆ ಇಳಿಯಿತು. ಎರಡು ತಿಂಗಳ ಹಿಂದೆ ಈರಣ್ಣನ ತೊಡೆಯಿಂದ ಒಂದಿಷ್ಟು ಚರ್ಮ ತೆಗೆದು, ಅದರ ಜೀವಕೋಶಗಳಲ್ಲಿದ್ದ ಹುಟ್ಟುದೋಷವನ್ನು ತಿದ್ದಿ, ಆ ಕೋಶಗಳಿಂದಲೇ ನೂಲಿಸಿಕೊಂಡ ಎಳೆಗಳು ಆ ದ್ರವದಲ್ಲಿದ್ದವು. ತಂಪಿನಲ್ಲಿ ಬಿಡಿಬಿಡಿಯಾಗಿ ತೇಲುವ ಎಳೆಗಳು ಮೈಯ ಬಿಸಿ ತಾಗಿದೊಡನೆ ಒಂದಕ್ಕೊಂದು ಹೆಣೆದುಕೊಳ್ಳುತ್ತಿದ್ದವು. ಹನ್ನೊಂದು ನಿಮಿಷಕ್ಕೆ ಬಲೂನು ಇಳಿಯಿತು. ಪರದೆಯ ಮೇಲಿನ ಉಬ್ಬು ಈಗ ಬಡಿತಕ್ಕೆ ಹಿಗ್ಗಲಿಲ್ಲ. ಸುನೇತ್ರಾ ಇದಕ್ಕೆ ಜೀವಜಾಲ ಎಂದು ಹೆಸರಿಟ್ಟಿದ್ದಳು. ಧಾರವಾಡದ ಆ ಹೃದಯ ಸಂಶೋಧನಾ ಕೇಂದ್ರದಲ್ಲಿ ಎಲ್ಲರೂ ಬರೀ ಜಾಲ ಎನ್ನುತ್ತಿದ್ದರು. ಅದು 2049ರ ಫೆಬ್ರವರಿ. ಈರಣ್ಣ ಜಾಲ ಪಡೆದ ನಲವತ್ತೊಂದನೆಯವನು.

ಗಾಜಿನ ಆಚೆ ನಿಂತು ಇದನ್ನೆಲ್ಲ ನೋಡುತ್ತಿದ್ದವರು ಡಾ. ವಿರೂಪಾಕ್ಷ ಕೊಣ್ಣೂರ. ವಯಸ್ಸು ಅರವತ್ತೆಂಟು. ಕೈ ನಡುಗಲು ಶುರುವಾದ ವರ್ಷವೇ ಶಸ್ತ್ರಚಿಕಿತ್ಸೆ ಬಿಟ್ಟವರು. ಹತ್ತೊಂಬತ್ತು ವರ್ಷಗಳ ಹಿಂದೆ ಈರಣ್ಣನ ಎದೆ ತೆರೆದು ಆ ಜಾಗವನ್ನು ಹೊಲಿದಿದ್ದು ಅವರೇ.

ಈರಣ್ಣನಿಗಿದ್ದುದು ಮಾರ್ಫನ್ ಎಂಬ ಕಾಯಿಲೆ. ಮೈಯ ಅಂಗಾಂಶಗಳನ್ನು ಒಂದಕ್ಕೊಂದು ಹಿಡಿದಿಡುವ ನಾರು ಹುಟ್ಟಿನಿಂದಲೇ ದುರ್ಬಲವಾಗಿರುವ ಸ್ಥಿತಿ. ಅಂಥವರು ಬಹುಮಟ್ಟಿಗೆ ಎತ್ತರಕ್ಕೆ ಬೆಳೆಯುತ್ತಾರೆ, ಕೈಬೆರಳು ನೀಳವಾಗಿರುತ್ತವೆ. ನೋಡಿದವರು ಚೆಂದ ಎನ್ನುತ್ತಾರೆ. ಒಳಗೆ ಮಾತ್ರ ಮಹಾಪಧಮನಿಯ ಬುಡ ವರ್ಷವರ್ಷಕ್ಕೂ ಹಿಗ್ಗುತ್ತ ಹೋಗಿ ಒಂದು ದಿನ ಹರಿಯುತ್ತದೆ. ಹರಿಯುವ ಮುಂಚೆ ಆ ಭಾಗವನ್ನು ಕತ್ತರಿಸಿ ತೆಗೆದು ಬಟ್ಟೆಯ ಕೊಳವೆ ಕೂರಿಸುವುದನ್ನು ವೈದ್ಯರು ಬಹಳ ಹಿಂದೆಯೇ ಕಲಿತಿದ್ದರು. ಆದರೆ ಹೃದಯಕ್ಕೆ ರಕ್ತ ಉಣಿಸುವ ಎರಡು ಪರಿಧಮನಿಗಳು ಹುಟ್ಟುವುದು ಅದೇ ಬುಡದಲ್ಲಿ. ಅವುಗಳ ಬಾಯಿಯನ್ನು ಸುತ್ತಲಿನ ಗೋಡೆಯ ಸಮೇತ ಅಂಗಿಯ ಗುಂಡಿಯಂತೆ ದುಂಡಗೆ ಕತ್ತರಿಸಿಕೊಂಡು ಹೊಸ ಕೊಳವೆಗೆ ಹೊಲಿಯಬೇಕು. ಕೊಳವೆ ಹೊಸದು, ಗುಂಡಿಯಷ್ಟು ಜಾಗ ಮಾತ್ರ ಹಳೆಯ ಗೋಡೆಯೇ. ಹತ್ತು ಹದಿನೈದು ವರ್ಷ ಕಳೆದ ಮೇಲೆ ಕೆಲವರಲ್ಲಿ ಆ ಗುಂಡಿ ಉಬ್ಬುತ್ತದೆ. ಅಂಟಿಕೊಂಡ ಎದೆಯನ್ನು ಮತ್ತೊಮ್ಮೆ ತೆರೆಯುವುದು ಜೀವಕ್ಕೇ ಅಪಾಯ. ಹಾಗೆ ತೆರೆಯುವ ಕಾಲವನ್ನೇ ಸುನೇತ್ರಾಳ ಜಾಲ ಮುಗಿಸಿತ್ತು. ಗೋಡೆ ಒಡೆಯದೆ ಇದ್ದರೆ ಸಾಕು, ಜಾಲ ಹಿಡಿಯುತ್ತಿತ್ತು.

ಮಧ್ಯಾಹ್ನ ಕೊಣ್ಣೂರರು ಸುನೇತ್ರಾಳ ಕೋಣೆಯಲ್ಲಿ ಕುಳಿತು, ತಾವು ಆಪರೇಷನ್ ಮಾಡಿದ ಮಾರ್ಫನ್ ರೋಗಿಗಳು ನಲವತ್ತಮೂರು ಮಂದಿ, ಅವರಲ್ಲಿ ಇಲ್ಲಿಗೆ ಬಂದವರು ಎಷ್ಟು ಎಂದು ಕೇಳಿದರು. ಈರಣ್ಣನೂ ಸೇರಿ ಇಬ್ಬರು ಎಂದಳು ಅವಳು. ಎಲ್ಲರಿಗೂ ಸಂದೇಶ ಕಳಿಸಿದ್ದೆವು, ಕಾಗದವನ್ನೂ ಹಾಕಿದ್ದೆವು. ಹೆಚ್ಚಿನ ಫೋನ್ ಸಂಖ್ಯೆಗಳು ಈಗ ಬೇರೆಯವರ ಹೆಸರಲ್ಲಿವೆ. ಕಾಗದಗಳು ವಾಪಸು ಬಂದಿವೆ ಎಂದಳು. ಕೊಣ್ಣೂರರು ಕೆಲಸ ಮಾಡಿದ ಆಸ್ಪತ್ರೆ ಮುಚ್ಚಿ ಎಂಟು ವರ್ಷವಾಗಿತ್ತು. ಅಲ್ಲಿನ ದಾಖಲೆಗಳಲ್ಲಿ ಉಳಿದಿದ್ದು ಇಪ್ಪತ್ತು ವರ್ಷಗಳ ಹಿಂದಿನ ವಿಳಾಸಗಳಷ್ಟೇ.

"ಅವರೆಲ್ಲಾ ಆರಾಮ ಇರಬಹುದಲ್ರಿ ಸರ್," ಎಂದಳು ಸುನೇತ್ರಾ. "ಎಲ್ಲರ ಗುಂಡಿನೂ ಉಬ್ಬೂದಿಲ್ಲ."

ಕೊಣ್ಣೂರರು ಚೀಲದಿಂದ ಒಂದು ಹಳೆಯ ಡ್ರಾಯಿಂಗ್ ಪುಸ್ತಕ ತೆಗೆದು ಅವಳ ಮುಂದೆ ಇಟ್ಟರು. ಪ್ರತಿ ಆಪರೇಷನ್ ಮುಗಿದ ಮೇಲೆ ಮನೆಗೆ ಹೋಗಿ ತಾವು ಮಾಡಿದ್ದನ್ನು ಪೆನ್ಸಿಲಿನಲ್ಲಿ ಬರೆದಿಡುವ ರೂಢಿ ಅವರಿಗಿತ್ತು. ಸುನೇತ್ರಾ ಹಾಳೆ ತಿರುವುತ್ತ ಹೋದಳು. ಚಿತ್ರಗಳು ಅಚ್ಚುಕಟ್ಟಾಗಿದ್ದವು. ಗುಂಡಿಗಳ ಅಳತೆಯನ್ನೂ ಬದಿಗೆ ಬರೆದಿದ್ದರು. ಹದಿನೆಂಟು ಮಿಲಿಮೀಟರು. ಹದಿನೇಳು. ಮತ್ತೆ ಹದಿನೆಂಟು.

"ದೊಡ್ಡವ್ರಿ," ಎಂದಳು ಮೆಲ್ಲಗೆ.

"ಹೌದು, ದೊಡ್ಡವು. ಸಣ್ಣದಾಗಿ ಕತ್ತರಿಸಬೇಕು ಅನ್ನೂದು ಆಗೂ ಗೊತ್ತಿತ್ತು. ಹಳೇ ಗ್ವಾಡಿ ಎಷ್ಟು ಕಡಿಮಿ ಉಳೀತದೋ ಅಷ್ಟು ಛೊಲೊ. ಆದ್ರ ಐದು ತಾಸು ನಿಂತು, ರಕ್ತ ನಿಲ್ಲಲಾರದ ಹೊತ್ತಿನ್ಯಾಗ, ಗುಂಡಿ ದೊಡ್ಡದಿದ್ರ ಸೂಜಿ ಹಾಕಾಕ ಜಾಗ ಸಿಗ್ತದ. ಮಂದಿ ಜೀವಂತ ಮೇಜಿನಿಂದ ಇಳೀತಾರ. ಮುಂದಿನ ಹದಿನೈದು ವರ್ಷದ್ದು ಆಗ ಯಾರಿಗೆ ನೆನಪಿರ್ತದ?"

ಕೊಣ್ಣೂರರು ಪುಸ್ತಕ ಮುಚ್ಚಿ, ಇವರನ್ನು ನಾನೇ ಹುಡುಕುತ್ತೇನೆ ಎಂದರು.

ಅಂದಿನಿಂದ ಅವರು ಊರೂರು ತಿರುಗಿದರು. ತಾವೇ ಓಡುವ ಕಾರುಗಳು ಬಂದಿದ್ದರಿಂದ ದಾರಿ ಸವೆಸುವುದು ಕಷ್ಟವಾಗಿರಲಿಲ್ಲ. ಕಷ್ಟವಾಗುತ್ತಿದ್ದುದು ಇಳಿದ ಮೇಲೆ. ಹಳೆಯ ವಿಳಾಸದಲ್ಲಿ ಬೇರೆ ಮನೆ ಎದ್ದಿರುತ್ತಿತ್ತು. ಪಕ್ಕದ ಅಂಗಡಿಯವರು ಇನ್ನೊಂದು ಓಣಿಯ ಕಡೆ ಕೈ ತೋರಿಸುತ್ತಿದ್ದರು. ನವಲಗುಂದದಲ್ಲಿ ಒಬ್ಬ ಸಿಕ್ಕ, ಗಟ್ಟಿಮುಟ್ಟಾಗಿ ಕಂಡ. ಪರೀಕ್ಷೆ ಮಾಡಿಸಿದರೆ ಎರಡೂ ಗುಂಡಿ ಉಬ್ಬಿದ್ದವು. ಹಾವೇರಿಯಲ್ಲಿ ಒಬ್ಬ ಹೆಣ್ಣುಮಗಳು ಎದೆ ಬಿಗಿಯುತ್ತದೆ ಎಂದಾಗ ಅವಳನ್ನು ತಾವು ಬಂದ ಕಾರಿನಲ್ಲೇ ಧಾರವಾಡಕ್ಕೆ ಕರೆತಂದರು. ಜಾಲದ ಎಳೆ ತಯಾರಾಗುವ ತನಕ ಎರಡು ತಿಂಗಳು ಅವಳು ಕೇಂದ್ರದಲ್ಲೇ ಮಲಗಿದ್ದಳು. ಬದುಕಿದಳು. ರೋಣದಲ್ಲಿ ಗೋಡೆಯ ಮೇಲೆ ಹಾರ ಹಾಕಿದ ಫೋಟೋ ನೋಡಿ, ಕೇಳುವ ಮುಂಚೆಯೇ ವಿಷಯ ತಿಳಿಯಿತು. ಬಾದಾಮಿಯಲ್ಲಿ ಮಲಗಿದ್ದವನು ಬೆಳಿಗ್ಗೆ ಏಳಲಿಲ್ಲವಂತೆ, ಆರು ವರ್ಷದ ಹಿಂದೆ. ಸತ್ತವರ ಮನೆಗಳಲ್ಲೆಲ್ಲ ಒಂದೇ ಮಾತು: ಹಾರ್ಟ್ ಅಟ್ಯಾಕ್ ಆತ್ರಿ. ಯಾರೂ ಅವರನ್ನು ದೂರಲಿಲ್ಲ. ಎಲ್ಲರೂ ಚಹಾ ಕೊಟ್ಟರು.

ಏಪ್ರಿಲ್ ಕೊನೆಯ ವಾರ ಅವರು ಲಕ್ಷ್ಮೇಶ್ವರಕ್ಕೆ ಹೋದರು. ಅಂದು ಹುಡುಕುತ್ತಿದ್ದುದು ಹಸೀನಾ ನದಾಫ ಎಂಬವಳನ್ನು. 2027ರ ಬೇಸಿಗೆಯಲ್ಲಿ ಅವಳಿಗೆ ಇಪ್ಪತ್ತು ವರ್ಷ. ಗದಗಿನ ಗಾದಿ ಹೊಲಿಯುವವರ ಮಗಳು. ಆಪರೇಷನ್ನಿಗೆ ಮುನ್ನ ಕೈಹಿಡಿದು ಕೇಳಿದ್ದಳು, ಎಚ್ಚರಾದ ಮ್ಯಾಲೆ ಮೊದಲು ಏನು ಕಾಣತೈತ್ರಿ ಎಂದು. ನನ್ನ ಮುಖ ಕಾಣ್ತದ ಎಂದು ಕೊಣ್ಣೂರರು ಹೇಳಿದ್ದರು. ಆ ಮಾತು ಉಳಿಸಿಕೊಳ್ಳಲು ಅವಳು ಕಣ್ಣು ಬಿಡುವ ತನಕ ಹಾಸಿಗೆಯ ಪಕ್ಕದಲ್ಲೇ ನಿಂತಿದ್ದರು. ಅವಳ ಸ್ವಂತ ಕವಾಟವನ್ನು ಉಳಿಸಿಯೇ ಕೊಳವೆ ಕೂರಿಸಿದ್ದರಿಂದ ರಕ್ತ ತೆಳುವಾಗಿಸುವ ಮಾತ್ರೆಯೂ ಬೇಕಾಗಿರಲಿಲ್ಲ. ಅದು ಅವರು ಹೆಮ್ಮೆಪಟ್ಟ ಕೆಲಸ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ಬರಬೇಕಾದ ರೋಗಿ ಹೇಗೋ ಆಸ್ಪತ್ರೆಯ ಕಣ್ಣಳತೆಯಲ್ಲಿ ಉಳಿಯುತ್ತಾನೆ. ಹಸೀನಾಳಿಗೆ ಬರುವ ಕಾರಣವೇ ಇರಲಿಲ್ಲ.

ಗದಗಿನಲ್ಲಿ ಅವಳ ತವರಿನವರು ಮನೆ ಬಿಟ್ಟು ಹೋಗಿದ್ದರು. ಗಂಡನ ಊರು ಲಕ್ಷ್ಮೇಶ್ವರ ಎಂದು ಯಾರೋ ಹೇಳಿದ್ದರು. ಪೇಟೆಯಲ್ಲಿ ಖಾದರಸಾಬ ನದಾಫನ ಗಾದಿ ಅಂಗಡಿ ಸುಲಭವಾಗಿಯೇ ಸಿಕ್ಕಿತು. ಅಂಗಡಿಯ ಹಿಂದೆಯೇ ಮನೆ. ಐವತ್ತರ ಆಸುಪಾಸಿನ ಖಾದರಸಾಬ ನೆಲದ ಮೇಲೆ ಹರಡಿದ ಗಾದಿಗೆ ಉದ್ದನೆಯ ಸೂಜಿಯಿಂದ ಹೊಲಿಗೆ ಹಾಕುತ್ತಿದ್ದ. ಕೊಣ್ಣೂರರು ಹೆಸರು ಹೇಳಿದೊಡನೆ ಸೂಜಿ ಬಿಟ್ಟು ಎದ್ದು ನಿಂತ.

"ಕೊಣ್ಣೂರ ಡಾಕ್ಟರ್ ಸಾಹೇಬ್ರ? ಬರ್ರಿ, ಒಳಗ ಬರ್ರಿ. ಅಕಿ ಇದ್ದಿದ್ರ ಎಷ್ಟು ಖುಷಿ ಪಡತಿದ್ಳು."

ಹೀಗೆ ಅವರಿಗೆ ವಿಷಯ ತಿಳಿಯಿತು.

ಒಳಗೆ ಕೂರಿಸಿ ಖಾದರಸಾಬ ಎಲ್ಲವನ್ನೂ ಹೇಳಿದ. ಹನ್ನೊಂದು ತಿಂಗಳಾಯಿತು. ಬೆಳಗಿನ ಹೊತ್ತು ಇಬ್ಬರೂ ಕೂತು ಒಂದು ಮದುವೆಯ ಗಾದಿ ಹೊಲಿಯುತ್ತಿದ್ದರು. ಹಸೀನಾ ಆ ತುದಿ, ಇವನು ಈ ತುದಿ. ಅವಳ ಕಡೆಯ ದಾರ ಸಡಿಲಾಯಿತು. ತಲೆ ಎತ್ತಿ ನೋಡಿದರೆ ಅವಳು ಅರಳೆಯ ರಾಶಿಗೆ ಒರಗಿ ಕೂತಿದ್ದಳು. ನೀರು ಕೊಡು ಎಂದಳು. ನೀರು ತರುವಷ್ಟರಲ್ಲಿ ಮುಗಿದಿತ್ತು. ಅದಕ್ಕೆ ಮೂರು ನಾಲ್ಕು ತಿಂಗಳ ಮುಂಚಿನಿಂದಲೂ ಮೆಟ್ಟಿಲು ಹತ್ತಿದರೆ ಎದೆ ಭಾರ ಎನ್ನುತ್ತಿದ್ದಳು. ದವಾಖಾನೆಗೆ ಕರೆದೊಯ್ದಿದ್ದ. ಗ್ಯಾಸ್ ಎಂದು ಗುಳಿಗೆ ಕೊಟ್ಟಿದ್ದರು.

"ಎದಿ ಆಪರೇಷನ್ ಆದದ್ದು ಅವರಿಗೆ ಹೇಳಿದ್ರಿ?" ಕೊಣ್ಣೂರರು ಕೇಳಿದರು.

"ನಾ ಹೇಳಾಕ ಹೋದ್ನಿರಿ. ಅಕಿನ ತಡದ್ಳು. ಅದು ಸರಿ ಆಗೇತಿ, ಹಳೇದೆಲ್ಲ ಯಾಕ ತೆಗೀತಿ ಅಂದ್ಳು." ಖಾದರಸಾಬ ಆ ಮಾತಿಗೆ ಸಣ್ಣಗೆ ನಕ್ಕ. "ನೀವು ಮನಿಗೆ ಕಳಸುಮುಂದ ಹೇಳಿದ್ರಂತ, ಇನ್ನ ನಿನಗ ಏನೂ ಇಲ್ಲವ್ವಾ, ಎಲ್ಲಾರಹಂಗ ಬಾಳು ಅಂತ. ಲಗ್ನದಾಗ ನಮ್ಮವ್ವ ಕೇಳಿದ್ಳು, ಎದಿ ಮ್ಯಾಲೆ ಅದೇನು ಗೆರಿ ಅಂತ. ಆಗೂ ಅದನ್ನ ಹೇಳಿದ್ಳು. ಮಗಳು ಹುಟ್ಟಿದಾಗೂ ಅದನ್ನ ಹೇಳಿದ್ಳು. ದೊಡ್ಡ ಡಾಕ್ಟರು ಹೇಳ್ಯಾರ, ನನಗೇನೂ ಇಲ್ಲ."

ಕೊಣ್ಣೂರರಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಹೆದರಿದ್ದ ಹುಡುಗಿಗೆ ಧೈರ್ಯ ಹೇಳಬೇಕಿತ್ತು, ಹೇಳಿದ್ದರು. ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಬೇಕು ಎಂಬುದನ್ನು ಬಿಡುಗಡೆಯ ಕಾಗದದ ಕೊನೆಯ ಸಾಲಿನಲ್ಲಿ ಬರೆದೂ ಇದ್ದರು. ಇಂಗ್ಲಿಷಿನಲ್ಲಿ. ಅವಳ ಕಿವಿಗೆ ಬಿದ್ದುದು ಬಾಯಿಂದ ಬಂದ ಮಾತು. ಅದನ್ನೇ ಅವಳು ಇಪ್ಪತ್ತೊಂದು ವರ್ಷ ತಾಯಿತದಂತೆ ಕಟ್ಟಿಕೊಂಡು ಓಡಾಡಿದ್ದಳು.

ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಜಾಲ ಮೊದಲ ಮನುಷ್ಯನ ಎದೆ ಸೇರಿ ಹದಿನಾರು ತಿಂಗಳು. ಹಸೀನಾ ಸತ್ತು ಹನ್ನೊಂದು. ಐದು ತಿಂಗಳ ಕಾಲ ಔಷಧವೂ ಇತ್ತು, ಅವಳೂ ಇದ್ದಳು. ನಡುವೆ ಇದ್ದುದು ಎಂಬತ್ತು ಕಿಲೋಮೀಟರು.

ಆಗ ಹುಡುಗಿಯೊಬ್ಬಳು ಚಹಾದ ತಟ್ಟೆ ಹಿಡಿದು ಬಂದಳು. ಮಗಳು, ಸಾಬಿರಾ, ಹತ್ತನೆಯ ತರಗತಿ ಎಂದ ಖಾದರಸಾಬ. ಬಾಗಿಲ ಚೌಕಟ್ಟಿಗೆ ತಲೆ ತಾಗೀತೇನೋ ಎಂಬಂತೆ ಅವಳು ಅಭ್ಯಾಸದಿಂದ ಕತ್ತು ಬಗ್ಗಿಸಿದಳು. ಲೋಟಗಳನ್ನು ಇಟ್ಟು ಗೋಡೆಗೆ ಆತು ನಿಂತು, ಬಲಗೈಯಿಂದ ಎಡ ಮಣಿಕಟ್ಟನ್ನು ಸುಮ್ಮನೆ ಹಿಡಿದುಕೊಂಡಳು. ಹೆಬ್ಬೆರಳು ಮಣಿಕಟ್ಟನ್ನು ಸುತ್ತಿ ಬಂದು ಕಿರುಬೆರಳನ್ನು ದಾಟಿ ಅದರ ಮೇಲೆ ಮಲಗಿತ್ತು. ವೈದ್ಯಕೀಯ ವಿದ್ಯಾರ್ಥಿಗಳಿಗೆ ಮೊದಲ ವರ್ಷಗಳಲ್ಲಿಯೇ ತೋರಿಸಿಕೊಡುವ ಮಾರ್ಫನ್ ಲಕ್ಷಣ ಅದು. ಕೊಣ್ಣೂರರು ನೂರಾರು ಹುಡುಗರಿಗೆ ಅದನ್ನು ಕಲಿಸಿದ್ದರು.

ಅವಳು ಒಳಗೆ ಹೋದ ಮೇಲೆ ಅವರು ಮಾತು ತೆಗೆದರು. ತಾವು ಬಂದುದು ಯಾಕೆ, ಜಾಲ ಎಂದರೇನು, ಗುಂಡಿ ಎಂದರೇನು, ಎಲ್ಲವನ್ನೂ ಹೇಳಿದರು. ಹಸೀನಾಳದು ಬಹುಶಃ ಹಾರ್ಟ್ ಅಟ್ಯಾಕ್ ಅಲ್ಲ, ನಾನು ಹೊಲಿದ ಜಾಗವೇ ಒಡೆದಿರಬೇಕು ಎಂದರು. ಗುಂಡಿಯನ್ನು ಇನ್ನಷ್ಟು ಸಣ್ಣದಾಗಿ ಕತ್ತರಿಸಬಹುದಿತ್ತು ಎಂಬುದನ್ನೂ ಮುಚ್ಚಿಡಲಿಲ್ಲ.

ಖಾದರಸಾಬ ಎದ್ದು ಅಂಗಡಿಗೆ ಹೋದ. ಬಾಗಿಲಿನಿಂದ ಅವನು ಕಾಣುತ್ತಿದ್ದ. ಗಾದಿಯ ಮುಂದೆ ಕೂತು, ಸೂಜಿ ಎತ್ತಿಕೊಂಡು, ನಾಲ್ಕಾರು ಹೊಲಿಗೆ ಹಾಕಿದ. ಆಮೇಲೆ ಹೊಲಿದದ್ದನ್ನೇ ನೋಡುತ್ತ ಕೂತ. ಸ್ವಲ್ಪ ಹೊತ್ತಿಗೆ ಒಳಗೆ ಬಂದು ನಿಂತೇ ಕೇಳಿದ:

"ಹೊಲಿಗಿದು ಬಿಡ್ರಿ, ನನಗ ತಿಳಿಯಂಗಿಲ್ಲ. ಇನ್ನೂ ಅಪಾಯ ಐತಿ ಅಂತ ಅಕಿಗೆ ಹೇಳಬಹುದಿತ್ತಲ್ರಿ?"

"ಹೇಳಬಹುದಿತ್ತು."

"ಯಾಕ ಹೇಳಲಿಲ್ಲ?"

"ಭಾಳ ಅಂಜಿದ್ಳು. ನಕ್ಕೋತ ಮನಿಗೆ ಹೋಗ್ಲಿ ಅನಿಸ್ತು."

ಖಾದರಸಾಬ ತಲೆ ಆಡಿಸಿದ. ಒಪ್ಪಿದಂತೆಯೂ ಇರಲಿಲ್ಲ, ಸಿಟ್ಟೂ ಅಲ್ಲ. ಕೊಣ್ಣೂರರು ಹೇಳಬೇಕಾದ ಮಾತು ಇನ್ನೊಂದಿತ್ತು. ಈ ಕಾಯಿಲೆ ತಾಯಿಯಿಂದ ಮಕ್ಕಳಿಗೆ ಬರುವ ಸಂಭವ ಅರ್ಧಕ್ಕರ್ಧ, ಸಾಬಿರಾಳ ಬೆರಳು ನೋಡಿದೆ, ಅವಳನ್ನು ಒಮ್ಮೆ ಧಾರವಾಡಕ್ಕೆ ಕರೆತನ್ನಿ ಎಂದರು. ಆಗ ಖಾದರಸಾಬನ ಮುಖ ಕಪ್ಪಿಟ್ಟಿತು. ಅವಳು ಶಾಲೆಯ ವಾಲಿಬಾಲ್ ತಂಡದಲ್ಲಿದ್ದಾಳೆ, ಅವಳಿಗೆ ಏನೂ ಆಗಿಲ್ಲ ಎಂದ. ಇಂಥ ಮಾತು ಹೊರಬಿದ್ದರೆ ನಾಳೆ ಹುಡುಗಿಯನ್ನು ಯಾರು ಕೇಳುತ್ತಾರೆ ಎಂದ. ಕೊನೆಗೆ ಧ್ವನಿ ತಗ್ಗಿಸಿ, "ಇವತ್ತ ಹೋಗ್ರಿ ಸಾಹೇಬ್ರ," ಎಂದ.

ಕೊಣ್ಣೂರರು ತಮ್ಮ ನಂಬರನ್ನು ಒಂದು ಚೀಟಿಯಲ್ಲಿ ಬರೆದು, ಮುಟ್ಟದ ಚಹಾದ ಪಕ್ಕದಲ್ಲಿಟ್ಟು ಹೊರಟರು.

ಎಂಟು ದಿನ ಯಾವ ಸುದ್ದಿಯೂ ಬರಲಿಲ್ಲ. ಅಷ್ಟರಲ್ಲಿ ಅವರು ಮತ್ತೆ ಮೂರು ಊರು ಸುತ್ತಿದರು. ಒಬ್ಬ ಸತ್ತಿದ್ದ, ಇಬ್ಬರ ಪತ್ತೆ ಹತ್ತಲಿಲ್ಲ. ಒಂಬತ್ತನೆಯ ದಿನ ಫೋನು ಬಂತು. ಮಾತಾಡಿದ್ದು ಸಾಬಿರಾ. ಅಂದು ಬಾಗಿಲ ಹಿಂದೆ ನಿಂತು ಎಲ್ಲ ಕೇಳಿದ್ದಳು. ಅಪ್ಪ ಊಟ ಸರಿಯಾಗಿ ಮಾಡುತ್ತಿಲ್ಲ, ತನ್ನನ್ನು ಆಡಲು ಬಿಡುತ್ತಿಲ್ಲ, ಆದರೆ ಧಾರವಾಡದ ಮಾತೂ ಎತ್ತುತ್ತಿಲ್ಲ ಎಂದಳು. "ನಾಳೆ ನಾವು ಬರ್ತೀವ್ರಿ. ಅಪ್ಪಗ ನಾನ ಹೇಳೀನಿ, ನೀ ಬರದಿದ್ರ ಒಬ್ಬಾಕಿನ ಹೋಗ್ತೀನಿ ಅಂತ."

ಸಾಬಿರಾಳ ಮಹಾಪಧಮನಿಯ ಬುಡ ನಲವತ್ತೊಂದು ಮಿಲಿಮೀಟರಿಗೆ ಹಿಗ್ಗಿತ್ತು. ಆ ವಯಸ್ಸಿಗೆ ಅದು ಹೆಚ್ಚು, ಆದರೆ ತಕ್ಷಣದ ಅಪಾಯವಿರಲಿಲ್ಲ. ಸುನೇತ್ರಾ ಅಪ್ಪ ಮಗಳಿಬ್ಬರನ್ನೂ ಕೂರಿಸಿಕೊಂಡು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದಳು. ಕೊಣ್ಣೂರರು ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು.

ಸಾಬಿರಾ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಗುಂಡಿ ಎಂದು ಬರೆದಿದ್ದ ಕಡೆ ಬೆರಳಿಟ್ಟು, "ಅವ್ವಗ ಒಡದದ್ದು ಇಲ್ಲೇನ್ರಿ?" ಎಂದಳು.

"ಇಲ್ಲೇ ಇರಬೇಕು."

"ಜಾಲ ಹಾಕಿದ್ರ ಉಳೀತಿದ್ಳ?"

ಸುನೇತ್ರಾ ಕೊಣ್ಣೂರರ ಕಡೆ ನೋಡಿದಳು. ಅವರು ಕಣ್ಣಿನಲ್ಲೇ ಹೇಳು ಎಂದರು. "ಉಳೀತಿದ್ಳು ಅನಸ್ತದವಾ."

ಖಾದರಸಾಬ ಎದ್ದು ಹೊರಗೆ ಹೋದ. ಬಾಗಿಲು ಅರೆಬರೆ ತೆರೆದೇ ಇತ್ತು.

ನನಗೂ ಈಗಲೇ ಜಾಲ ಹಾಕಿಬಿಡಿ ಎಂದು ಹುಡುಗಿ ಕೇಳಿದಳು. ಅದು ಆಗುವುದಿಲ್ಲ ಎಂದು ಸುನೇತ್ರಾ ಹೇಳಬೇಕಾಯಿತು. ಜಾಲ ಹಿಡಿಯುವುದು ಗುಂಡಿಯಷ್ಟು ಜಾಗಕ್ಕೆ ಮಾತ್ರ. ಇಡೀ ಬುಡಕ್ಕೆ ಹೊದಿಸಲು ಹೋದರೆ ಗೋಡೆ ಒಂದು ಕಡೆ ಗಟ್ಟಿಯಾಗಿ, ಅದರ ಅಂಚಿನಲ್ಲಿ ಹರಿಯುತ್ತದೆ. ಪ್ರಯೋಗದ ಕುರಿಗಳಲ್ಲಿ ಹಾಗೆಯೇ ಆಗಿತ್ತು. ಸಾಬಿರಾ ದಿನಾ ಮಾತ್ರೆ ತೆಗೆದುಕೊಳ್ಳಬೇಕು, ವಾಲಿಬಾಲ್ ಬಿಡಬೇಕು, ವರ್ಷಕ್ಕೊಮ್ಮೆ ತಪ್ಪದೆ ಬರಬೇಕು. ಇನ್ನು ಐದು ವರ್ಷಕ್ಕೋ ಹತ್ತು ವರ್ಷಕ್ಕೋ ತಾಯಿಗೆ ಆದ ಆಪರೇಷನ್ನೇ ಅವಳಿಗೂ ಆಗುತ್ತದೆ. ಆಗ ಗುಂಡಿಗಳನ್ನು ಸಣ್ಣದಾಗಿ ಕತ್ತರಿಸುತ್ತಾರೆ. ಆದರೂ ಎಂದಾದರೊಂದು ದಿನ ಅವು ಉಬ್ಬಿದರೆ, ಆಗ ಜಾಲ ಇದೆ.

"ಅಂದ್ರ ಮುಗಿಯೂದಿಲ್ಲ," ಎಂದಳು ಸಾಬಿರಾ.

"ಇಲ್ಲವ್ವಾ, ಮುಗಿಯೂದಿಲ್ಲ," ಎಂದರು ಕೊಣ್ಣೂರರು. "ಸಾಯೂ ತನಕ ನೋಡಿಕೋತ ಇರಬೇಕು. ನೀ ಬರಲಿಲ್ಲಂದ್ರ ನಾ ನಿಮ್ಮ ಮನಿಗೆ ಬರ್ತೀನಿ."

ಹುಡುಗಿ ಅವರ ನಡುಗುವ ಕೈಯನ್ನೂ ಬಿಳಿ ತಲೆಯನ್ನೂ ನೋಡಿದಳು. "ನೀವು ಹೋದ ಮ್ಯಾಲೆ ಯಾರು ಬರ್ತಾರ್ರಿ?"

ಕೇಂದ್ರದ ಕಂಪ್ಯೂಟರ್ ಪ್ರತಿ ವರ್ಷ ತಾನಾಗಿಯೇ ಸಂದೇಶ ಕಳಿಸುತ್ತದೆ ಎಂದು ಸುನೇತ್ರಾ ನಡುವೆ ಬಂದು ಹೇಳಿದಳು.

"ಅವ್ವನ ನಂಬರ್ ಮೂರು ಸಲ ಬದಲಾಗೇತ್ರಿ," ಎಂದಳು ಸಾಬಿರಾ. ಸವಾಲು ಹಾಕುವ ಧಾಟಿಯಲ್ಲಿರಲಿಲ್ಲ ಅದು. ಇದ್ದದ್ದನ್ನು ಹೇಳಿದಳು, ಅಷ್ಟೇ. ಕೊಣ್ಣೂರರನ್ನೇ ಮತ್ತೆ ನೋಡಿದಳು.

"ಗೊತ್ತಿಲ್ಲವ್ವಾ," ಎಂದರು ಅವರು.

ಆಗಸ್ಟಿನಲ್ಲಿ ಜಾಲದ ಮೊದಲ ವರದಿ ಹೊರಬಂತು. ಐವತ್ತು ರೋಗಿಗಳು, ಐವತ್ತರಲ್ಲೂ ಗುಂಡಿ ಹಿಡಿದು ನಿಂತಿದೆ. ದೇಶವಿದೇಶದ ಪತ್ರಿಕೆಗಳಲ್ಲಿ ಸುನೇತ್ರಾಳ ಚಿತ್ರ ಬಂತು. ಅದೇ ತಿಂಗಳು ಕೊಣ್ಣೂರರ ಹುಡುಕಾಟವೂ ಮುಗಿಯಿತು. ನಲವತ್ತಮೂರರಲ್ಲಿ ಬದುಕಿದ್ದು ಪತ್ತೆಯಾದ ಒಂಬತ್ತೂ ಮಂದಿಯ ಗುಂಡಿ ಉಬ್ಬಿತ್ತು, ಅವರಿಗೆ ಜಾಲ ಸಿಕ್ಕಿತ್ತು. ಇಪ್ಪತ್ತು ಮಂದಿ ತೀರಿಕೊಂಡಿದ್ದರು. ಹದಿನಾಲ್ಕು ಮಂದಿ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ ತಿಳಿಯಲೇ ಇಲ್ಲ. ವರದಿ ಕಳಿಸುವಾಗ ಸುನೇತ್ರಾ ಅಲ್ಲಿಯ ತನಕದ ಅಂಕಿಗಳನ್ನೂ ಅದರ ಕೊನೆಯಲ್ಲಿ ಸೇರಿಸಿದ್ದಳು. ಇದು ಸಂಶೋಧನೆಗೆ ಸಂಬಂಧಿಸಿದ್ದಲ್ಲ ಎಂದು ವರದಿ ಪ್ರಕಟಿಸಿದ ವೈದ್ಯಕೀಯ ಪತ್ರಿಕೆಯ ಪರಿಶೀಲಕರು ಆ ಭಾಗ ತೆಗೆಸಿದರು. ಅವಳು ಎರಡು ಸಲ ಬರೆದು ವಾದಿಸಿದಳು, ಆಮೇಲೆ ಸುಮ್ಮನಾದಳು. ಅದಕ್ಕಾಗಿ ಕೊಣ್ಣೂರರ ಮುಂದೆ ಒಮ್ಮೆ ಕಣ್ಣೀರು ಹಾಕಿದಳು.

ಇಬ್ಬರೂ ಸೇರಿ ಕೇಂದ್ರದ ನಿರ್ದೇಶಕರ ಬಳಿ ಹೋದರು. ಜಾಲ ಹಾಕುವ ಮೂರನೆಯ ಯಂತ್ರಕ್ಕೆ ಆಗಷ್ಟೇ ಮಂಜೂರಾತಿ ಸಿಕ್ಕಿತ್ತು. ಮನೆಗೆ ಹೋದ ರೋಗಿಗಳನ್ನು ವರ್ಷವರ್ಷವೂ ವಿಚಾರಿಸುವ, ಸಿಗದಿದ್ದರೆ ಊರಿಗೆ ಹೋಗಿ ಹುಡುಕುವ ಒಬ್ಬ ಮನುಷ್ಯ ಬೇಕು ಎಂದು ಇವರು ಕೇಳಿದರು. ನಿರ್ದೇಶಕರು ಒಳ್ಳೆಯವರೇ, ಮನಸ್ಸಿಟ್ಟು ಕೇಳಿದರು. ಅಂಥ ಹುದ್ದೆ ಯಾವ ವಿಭಾಗಕ್ಕೆ ಬರುತ್ತದೆ, ಅದಕ್ಕೆ ಏನೆಂದು ಹೆಸರಿಡಬೇಕು ಎಂದು ಕೇಳಿದರು. ಯೋಚಿಸೋಣ ಎಂದರು ನಿರ್ದೇಶಕರು.

ಅಂದಿನಿಂದ ಕೊಣ್ಣೂರರು ಪ್ರತಿ ಗುರುವಾರ ವಾರ್ಡಿಗೆ ಬರುತ್ತಾರೆ. ಅಂದು ಮನೆಗೆ ಹೊರಟವರ ಹಾಸಿಗೆಯ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಧೈರ್ಯದ ಮಾತಿಗಿಂತ ಮುಂಚೆ ಕಾಯಿಲೆಯ ಮಾತು ಹೇಳುತ್ತಾರೆ, ಕನ್ನಡದಲ್ಲಿ, ನಿಧಾನವಾಗಿ, ರೋಗಿಯ ಬಾಯಿಂದಲೇ ತಿರುಗಿ ಹೇಳಿಸುತ್ತಾರೆ. ಆಮೇಲೆ ವಿಚಾರಣೆ ಶುರು. ತವರು ಯಾವುದು, ಗಂಡನ ಮನೆ ಯಾವುದು? ಓಣಿಯಲ್ಲಿ ಎಲ್ಲರ ಸುದ್ದಿಯನ್ನೂ ಇಟ್ಟುಕೊಂಡಿರುವವರು ಯಾರು? ಊರು ಬಿಟ್ಟರೆ ಯಾರಿಗೆ ಹೇಳಿ ಹೋಗುತ್ತೀರಿ? ಮಕ್ಕಳೆಷ್ಟು, ಅವರ ಬೆರಳು ಹೇಗಿವೆ? ಜನ ನಗುತ್ತಾರೆ. ಹೆಣ್ಣು ನೋಡಲು ಬಂದವರೂ ಇಷ್ಟು ಕೇಳುವುದಿಲ್ಲ ಎನ್ನುತ್ತಾರೆ. ಆದರೂ ಹೇಳುತ್ತಾರೆ, ಒಂದು ಕೇಳಿದರೆ ನಾಲ್ಕು ಹೇಳುತ್ತಾರೆ. ಒಬ್ಬರ ವಿವರ ಬರೆದುಕೊಳ್ಳಲು ಹತ್ತು ನಿಮಿಷ ಸಾಕಾಗುತ್ತದೆ.

ಆರು ತಿಂಗಳು ತಿರುಗಿದರೂ ಸಿಗದೆ ಹೋದ ಆ ಹದಿನಾಲ್ಕು ಮಂದಿ ಆಗಾಗ ಅವರ ಕಣ್ಣ ಮುಂದೆ ಬರುತ್ತಾರೆ. ಇಪ್ಪತ್ತು ವರ್ಷಗಳ ಹಿಂದೆ ಅವರಲ್ಲಿ ಪ್ರತಿಯೊಬ್ಬರೂ ಒಂದು ಬೆಳಿಗ್ಗೆ ಹೀಗೆಯೇ ಹಾಸಿಗೆಯ ಮೇಲೆ ಎದ್ದು ಕೂತಿದ್ದರು, ಮೊಣಕಾಲ ಮೇಲೆ ಬಟ್ಟೆಯ ಗಂಟು ಇಟ್ಟುಕೊಂಡು, ಊರಿನ ಬಸ್ಸಿಗೆ ಹೊತ್ತಾಯಿತೆಂದು ಬಾಗಿಲ ಕಡೆ ನೋಡುತ್ತ. ಅಂದು ಅವರ ಮನೆ ಎಲ್ಲಿದೆ ಎಂದು ತಿಳಿಯಲು ಯಾವ ಊರಿಗೂ ಹೋಗಬೇಕಾಗಿರಲಿಲ್ಲ. ಕೇಳಿದ್ದರೆ ಸಾಕಿತ್ತು.